ದೂರದ ಕುರಿ ಯಾವುದು

ಬೆಂಚಿನ ಆ ತುದಿಯಲ್ಲಿ ಯಾರದೋ ಕೂಸಿನ ಮೊಬೈಲಿನಿಂದ ಕೀಚಲು ಹಾಡು, ಕೂಸಿನ ಮುಖದ ಮೇಲೆ ನೀಲಿ ಬೆಳಕು, ಕಣ್ಣಾಸ್ಪತ್ರೆಗೆ ಬಂದವರೂ ಅದನ್ನೇ ಕೊಟ್ಟು ಕೂರಿಸಿದ್ದಾರಲ್ಲ, ಎದ್ದು ಹೋಗಿ ಕಿತ್ತುಕೊಳ್ಳಬೇಕು ಅನ್ನಿಸಿತು ಈರೇಶನಿಗೆ, ಆದರೆ ಯಾವ ಮುಖ ಇಟ್ಟುಕೊಂಡು, ಮಗಳು ರೂಪಾಳಿಗೆ ತಾನು ಮಾಡಿದ್ದೂ ಇದೇ ತಾನೇ, ಕುರಿ ಹೊಡೆದುಕೊಂಡು ತಾನು ಹೋದರೆ, ಕೂಲಿಗೆ ಹೆಂಡತಿ ಗಂಗಲಕ್ಷ್ಮಿ ಹೋದರೆ, ಮನೆಯಲ್ಲಿ ಹುಡುಗಿಯನ್ನು ಕಾಯುತ್ತಿದ್ದದ್ದು ಮೊಬೈಲೇ — ಹಟ ಇಲ್ಲ, ಅಳು ಇಲ್ಲ, ಹೊಸಿಲು ದಾಟುತ್ತಿರಲಿಲ್ಲ, ಎಂಥಾ ಒಳ್ಳೇ ಹುಡುಗಿ ಎಂದು ಕೇರಿಯೇ ಹೊಗಳಿತ್ತು. ದೂರ ಹಿಡಿಯೇ ಅಂದರೆ ಹಿಡಿಯುವಳು, ಈತ ಬೆನ್ನು ತಿರುಗಿಸಿದ ಕೂಡಲೇ ಮತ್ತೆ ಮೂಗಿಗೆ. ಆಶಾ ಟೀಚರು ದೊಡ್ಡಉಳ್ಳಾರ್ತಿಯ ಬಸ್‌ಸ್ಟಾಪಿನಲ್ಲಿ ತಡೆದು ಹೇಳಿದ್ದರು, ರೂಪಂಗೆ ಬೋರ್ಡು ಕಾಣ್ತಿಲ್ಲ ಈರೇಶಣ್ಣ, ಚಳ್ಳಕೆರೆಗೆ ಕರ್ಕೊಂಡೋಗಿ ತೋರ್ಸು — ಮೈಯೆಲ್ಲ ಉರಿದಿತ್ತು, ಕುರಿ ಕಾಯೋರ ಮನೆ ಕಣ್ಣು ಕಣ್ರೀ ಅದು ಅಂದುಬಿಟ್ಟಿದ್ದ, ಆಮೇಲೆ ಮಗಳನ್ನು ಕುರಿ ಮೇಯಿಸುವ ಕಾವಲಿಗೆ ಕರೆದೊಯ್ದು ತಾನೇ ಪರೀಕ್ಷೆ ಮಾಡಿದ್ದ, ತನ್ನಪ್ಪ ತನಗೆ ಮಾಡುತ್ತಿದ್ದ ಹಾಗೆ, ಆ ಗೋಡೆ ಹತ್ರ ಮೇಯ್ತೈತಲ್ಲ, ಯಾವುದವ್ವಾ ಅದು? ರೂಪ ಕತ್ತು ಒಂದಿಷ್ಟು ಓರೆ ಮಾಡಿದಳು, ಸುಮ್ಮನೆ ನಿಂತಳು, ಟಗರಿನ ಕೊರಳ ಗಂಟೆ ಠಣ್ ಎಂದಿತು, ಕರಿಟಗರು ಅಪ್ಪಾ. ಅದರ ಹಿಂದಿಂದು? ಮತ್ತೆ ಕತ್ತು ಓರೆ, ಮತ್ತೆ ಸುಮ್ಮನೆ, ಅಲ್ಲೊಂದು ಮರಿ ಅರಚಿತು, ಕುಂಟಿಮರಿ. ಎರಡೂ ಸರಿ, ಬಿಸಿಲಿಗೆ ಮುಖ ಓರೆ ಮಾಡುತ್ತಾಳೆ ಅಂದುಕೊಂಡ, ನಮ್ಮವ್ವಂದು ಹದ್ದಿನ ಕಣ್ಣು ಎಂದು ಹೆಗಲ ಮೇಲೆ ಕೂರಿಸಿಕೊಂಡು ಮನೆಗೆ ತಂದ, ಬಹುಮಾನ ಅಂತ ಮೊಬೈಲನ್ನು ತಾನೇ ಕೈಗಿಟ್ಟ.

ಮೊನ್ನೆ ಮುದ್ದೆ ಮುರಿಯುತ್ತಾ, ಅಪ್ಪಾ, ಬಲಗಣ್ಣಿಗೆ ಯಾರೋ ಕಂಬ್ಳಿ ಇಳೇಬಿಟ್ಟಂಗೈತೆ, ಎಷ್ಟು ಸಲೀಸಾಗಿ ಅಂದಳು, ಇವನು ತಟ್ಟೆ ಬಿಟ್ಟು ಎದ್ದಿದ್ದ. ಡಾಕ್ಟರು ಈಗಷ್ಟೇ ದೀಪ ಬಿಟ್ಟು ನೋಡಿದ್ದಾರೆ, ಕಣ್ಣಿನ ಒಳಪರದೆ ಕಿತ್ತುಬಂದಿದೆಯಂತೆ, ನಂಬರು ವಿಪರೀತ ಏರಿಬಿಟ್ಟಿದೆಯಂತೆ, ಇವತ್ತೇ ದಾವಣಗೆರೆಗೆ ಹೊರಡ್ರಿ, ಬಲಗಣ್ಣು ಉಳಿಯುತ್ತೆ ಅಂತ ಮಾತು ಕೊಡಲ್ಲ, ಎಡಗಣ್ಣು ಹೆಂಗಿದೆ ನೋಡಿಬಿಡೋಣ, ಹೊರಗೆ ಆಡೋಕೆ ಬಿಡ್ತಿರಲಿಲ್ವಾ, ಮಕ್ಕಳು ದೂರ ನೋಡಬೇಕು ಕಣ್ರೀ — ದೂರ, ಸರ್ಕಾರದವರು ಅಡ್ಡ ಗೋಡೆ ಎಬ್ಬಿಸಿದ ಮೇಲೂ ಕಾವಲಿನಲ್ಲಿ ದೂರಕ್ಕೇನು ಬರವಿತ್ತೇ, ದಿನಾ ಒಬ್ಬನೇ ಹೋಗಿ ನೋಡಿಕೊಂಡು ಬಂದೆನಲ್ಲ, ಎಡಗಣ್ಣೊಂದು ಉಳಿಸು ಗೌರಸಮುದ್ರದ ಮಾರಮ್ಮ, ಕರಿಟಗರನ್ನೇ ನಿನಗೆ ಬಿಡ್ತೀನಿ — ನರ್ಸಮ್ಮ ರೂಪಾಳನ್ನು ಸ್ಟೂಲಿನ ಮೇಲೆ ಕೂರಿಸಿ ಬಲಗಣ್ಣು ಮುಚ್ಚುತ್ತಾಳೆ, ಎದುರು ಗೋಡೆಯಲ್ಲಿ ಬೆಳಗುವ ಹಲಗೆ, ಮೇಲ್ತುದಿಯಲ್ಲಿ ಅಂಗೈಯಗಲದ ಒಂದೇ ಅಕ್ಷರ, ಬಾಗಿಲಾಚೆ ಕೂತ ಇವನಿಗೇ ಕಾಣುತ್ತಿದೆ, ಮೇಲಿರೋದು ಏನು ಹೇಳು ಪುಟ್ಟಿ, ಅನ್ನುತ್ತಾಳೆ, ಹೇಳವ್ವಾ, ನೀನು ಹೇಳ್ತೀಯ, ಅವತ್ತು ಎರಡೂ ಸರಿ ಹೇಳಿದೆ, ಇದೇನು ಮಹಾ — ರೂಪ ಹೇಳುತ್ತಿಲ್ಲ, ಕತ್ತು ಓರೆಯಾಗುತ್ತಿದೆ, ಇಲ್ಲೆಲ್ಲಿಯ ಬಿಸಿಲು, ಅವತ್ತೂ ಬಿಸಿಲಿಗಲ್ಲ, ಗಂಟೆ, ಗಂಟೆ ಕೇಳಿ ಹೇಳಿದ್ದಳು, ಅವಳಿಗೆ ಟಗರು ಕಂಡೇ ಇರಲಿಲ್ಲ — ಕತ್ತು ಇನ್ನೂ ಓರೆ, ಅಕ್ಷರ ಸದ್ದು ಮಾಡಲೆಂದು ಕಾಯುತ್ತಾ ಕೂತಿದ್ದಾಳೆ, ಕಿವಿ ಹಲಗೆಯ ಕಡೆಗೆ, ಕಿವಿ ಹಲಗೆಯ ಕಡೆಗೆ