ಒಂದು ಚಮಚ ಉಪ್ಪು

ಹೆಣ ಇನ್ನೂ ನಡುಮನೆಯಲ್ಲಿರುವಾಗಲೇ ಚಿಕ್ಕಮ್ಮ ಮಹಡಿಯ ಮೇಲೆ ಗಿಡದ ಕುಂಡಗಳನ್ನು ಬೇರ್ಪಡಿಸುತ್ತಿದ್ದರು. ಒಯ್ಯುವಂಥವು ಬಾಗಿಲ ಕಡೆಗೆ, ಬೇಡವಾದವು ಗೋಡೆಯ ಕಡೆಗೆ. ಗೋಡೆಯ ಕಡೆ ಎರಡೇ ಇದ್ದವು.

ತೀರಿಕೊಂಡವಳ ಮಗಳು ಮೆಟ್ಟಿಲ ತುದಿಯಲ್ಲಿ ನಿಂತು ನೋಡಿದಳು. ಅವಳನ್ನು ಕಂಡ ಚಿಕ್ಕಮ್ಮ ಕೈಯ ಮಣ್ಣು ಕೊಡವಿಕೊಂಡು, "ನಿನಗೆ ಇವನ್ನೆಲ್ಲ ನೋಡ್ಕೊಳ್ಳೋಕೆ ಪುರುಸೊತ್ತೆಲ್ಲಿ? ನಮ್ಮನೇಲಿದ್ರೆ ಅಕ್ಕನ ನೆನಪಿಗಾದ್ರೂ ಆಗುತ್ತೆ," ಎಂದರು.

ಮೊದಲು ಅಮ್ಮನನ್ನು ಕಳಿಸಿಕೊಡೋಣ ಎಂದಷ್ಟೇ ಹೇಳಿ ಮಗಳು ಕೆಳಗಿಳಿದಳು.

ತೀರಿಹೋದಾಕೆಯನ್ನು ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಿದ್ದರು. ಹರಿದ ಜೇಬು, ಕೆಟ್ಟ ಜಿಪ್ಪು, ಬಿಗಿಯಾದ ಸೊಂಟ, ಎಲ್ಲವೂ ಕಿಟಕಿ ಪಕ್ಕದ ಅವಳ ಮಿಷನ್ನಿಗೆ ಬರುತ್ತಿದ್ದವು. ಹೊಲಿದು ಉಳಿದ ಹತ್ತಿಯ ಚೂರುಗಳನ್ನು ಅವಳು ಬತ್ತಿಯಂತೆ ಹೊಸೆದು, ಒಂದು ತುದಿಯನ್ನು ನೀರಿನ ಬಾಟಲಿಗೂ ಇನ್ನೊಂದನ್ನು ಕುಂಡದ ಮಣ್ಣಿಗೂ ಇಳಿಬಿಡುತ್ತಿದ್ದಳು. ನಾಲ್ಕು ದಿನ ಊರಿಗೆ ಹೋದರೂ ಗಿಡ ಬಾಡುತ್ತಿರಲಿಲ್ಲ. ಮೊಟ್ಟೆಯ ಓಡು ಪುಡಿಯಾಗಿ ಬುಡಕ್ಕೆ, ತೊಳೆದು ಒಣಗಿಸಿದ ಟೀ ಚರಟ ಮಣ್ಣಿಗೆ, ಎಲೆಯ ಹೇನಿಗೆ ತೆಳುವಾದ ಸೋಪುನೀರು. ಯಾವುದನ್ನೂ ಬರೆದಿಟ್ಟಿರಲಿಲ್ಲ. ಕೇಳಿದವರಿಗೆಲ್ಲ ಹೇಳುತ್ತಿದ್ದಳು.

ಎಲ್ಲರಿಗಿಂತ ಹೆಚ್ಚು ಕೇಳಿದವರು ಚಿಕ್ಕಮ್ಮ, ಅವಳ ಮೈದುನನ ಹೆಂಡತಿ.

*

ಒಂಬತ್ತು ವರ್ಷದ ಹಿಂದೆ ಚಿಕ್ಕಮ್ಮನಿಗೆ ರೇಡಿಯೋದಲ್ಲಿ ಗಿಡಗಳ ಬಗ್ಗೆ ವಾರಕ್ಕೆ ಹದಿನೈದು ನಿಮಿಷದ ಕಾರ್ಯಕ್ರಮ ಸಿಕ್ಕಿತ್ತು. ಪ್ರತಿ ಸೋಮವಾರ ಬಂದು, ಕಾಲು ಚಾಚಿ ಕೂತು, ಅಕ್ಕನ ಬಾಯಿಂದ ಒಂದೊಂದೇ ಉಪಾಯ ಬರೆದುಕೊಳ್ಳುತ್ತಿದ್ದರು. ಗುರುವಾರ ಅದು ಹಾಗೇ ರೇಡಿಯೋದಲ್ಲಿ ಬರುತ್ತಿತ್ತು. ಟೈಲರಮ್ಮನಿಗೆ ಅದರಿಂದ ಖುಷಿಯೇ ಇತ್ತು.

ಒಂದು ಗುರುವಾರ ಕಾರ್ಯಕ್ರಮದ ಹುಡುಗಿ, ಇದನ್ನೆಲ್ಲ ಯಾರಿಂದ ಕಲಿತಿರಿ ಎಂದು ಕೇಳಿದಳು. ಚಿಕ್ಕಮ್ಮ ನಕ್ಕರು. "ಯಾರಿಂದಲೂ ಇಲ್ಲ. ನಮ್ಮನೇಲಿ ಗಿಡದ ಗಂಧ ಗೊತ್ತಿರೋರು ನಾನೊಬ್ಬಳೇ."

ಟೈಲರಮ್ಮನ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು. ಸೂಜಿ ಬಟ್ಟೆಯೊಳಗೇ ಉಳಿಯಿತು.

ಮುಂದಿನ ಸೋಮವಾರ ಚಿಕ್ಕಮ್ಮ, ಗುಲಾಬಿಯ ಎಲೆ ಹಳದಿಯಾದರೆ ಏನು ಮಾಡಬೇಕೆಂದು ಕೇಳಿದರು.

"ಒಂದು ಚೊಂಬು ನೀರಿಗೆ ಒಂದು ಚಮಚ ಉಪ್ಪು," ಎಂದಳು ಟೈಲರಮ್ಮ. "ವಾರಕ್ಕೊಂದು ಸಲ."

ಅಲ್ಲೇ ಗುಂಡಿ ಹೊಲಿಯುತ್ತಿದ್ದ ಮಗಳು ತಲೆಯೆತ್ತಿದಳು. ಅಮ್ಮ ಹಾಕುತ್ತಿದ್ದುದು ಅಡುಗೆಯ ಉಪ್ಪಲ್ಲ, ಔಷಧಿ ಅಂಗಡಿಯಿಂದ ತರುವ ಎಪ್ಸಮ್ ಉಪ್ಪು. ಅದನ್ನು ತಂದುಕೊಡುತ್ತಿದ್ದವಳೇ ಅವಳು. ಅಮ್ಮ ಕನ್ನಡಕದ ಮೇಲಿಂದ ಒಮ್ಮೆ ನೋಡಿದಳು. ಮಗಳು ಬಾಯಿ ಮುಚ್ಚಿಕೊಂಡು ಗುಂಡಿ ಹೊಲಿದಳು.

ಆ ಗುರುವಾರ ಅದೂ ರೇಡಿಯೋದಲ್ಲಿ ಬಂತು. ಎರಡು ತಿಂಗಳಲ್ಲಿ ಊರ ತುಂಬ ಗುಲಾಬಿ ಸುಟ್ಟುಹೋದವು. ಕಾರ್ಯಕ್ರಮ ನಿಂತಿತು. ಚಿಕ್ಕಮ್ಮ ಕೇಳುಗರು ಬರೆದ ಒಂದು ಚೀಲದಷ್ಟು ಕಾಗದಗಳನ್ನು ತಂದು ಮಿಷನ್ನಿನ ಮೇಲೆ ಸುರಿದು, ಯಾವ ಉಪ್ಪು ಅಂತ ಯಾಕೆ ಹೇಳಲಿಲ್ಲ ಎಂದು ಅತ್ತರು.

"ಕೇಳಿದ್ರೆ ಹೇಳ್ತಿದ್ದೆ," ಎಂದಳು ಟೈಲರಮ್ಮ. "ಗಂಧ ಗೊತ್ತಿದ್ದೋಳು ನೀನೊಬ್ಬಳೇ ಅಲ್ವಾ."

ಮೂರು ದಿನ ಅವಳು ಗುನುಗುತ್ತಾ ಹೊಲಿದಳು. ನಾಲ್ಕನೆಯ ದಿನ ಆ ಕಾಗದಗಳನ್ನು ಓದಲು ಕೂತಳು; ಗುನುಗುವುದು ನಿಂತಿತು. ಅಂದಿನಿಂದ ಭಾನುವಾರ ಬೆಳಿಗ್ಗೆ ಚೀಲ ಹಿಡಿದು ಎಲ್ಲಿಗೋ ಹೋಗುತ್ತಿದ್ದಳು. ಕೇಳಿದರೆ, ಗುಂಡಿ ತರೋಕೆ ಎನ್ನುತ್ತಿದ್ದಳು.

*

ಮಣ್ಣು ಮುಚ್ಚಿ ಆದ ಮೇಲೆ ಜನ ಕರಗತೊಡಗಿದರು. ಚಿಕ್ಕಮ್ಮ ಸ್ಮಶಾನದ ಗೇಟಿನ ಬಳಿ ನಾಲ್ಕು ಜನರನ್ನು ನಿಲ್ಲಿಸಿಕೊಂಡು, ಸತ್ತವರ ಬಗ್ಗೆ ಆಡಬಾರದು, ಆದರೂ ತಮ್ಮ ಬಾಳಿಗೆ ಅಕ್ಕ ಮಣ್ಣು ಹಾಕಿದ್ದು ಹೌದು ಎನ್ನುತ್ತಿದ್ದರು. ಅಷ್ಟರಲ್ಲಿ ಇಸ್ತ್ರಿ ಮಾಡಿದ ಹಳೆಯ ಸಮವಸ್ತ್ರ ತೊಟ್ಟ ಒಬ್ಬ ಮುದುಕ ಮಗಳ ಹತ್ತಿರ ಬಂದ. ದೊಡ್ಡ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಲಿಫ್ಟ್ ನಡೆಸಿದವನಂತೆ. ಇದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲವೆಂದು ಸಂಕೋಚಪಟ್ಟ. ಇದರ ತೋಳು ಸರಿಮಾಡಿಕೊಟ್ಟಿದ್ದೂ ನಿಮ್ಮ ತಾಯಿಯೇ ಎಂದ.

ಅವನ ಹೆಂಡತಿ ನೆಟ್ಟ ಗುಲಾಬಿಯೊಂದಿತ್ತು. ಅವಳು ತೀರಿಹೋದ ವರ್ಷ, ರೇಡಿಯೋ ಕೇಳಿ, ಅದಕ್ಕೆ ತಪ್ಪದೆ ಉಪ್ಪು ಹಾಕಿದ್ದ. ಗಿಡ ಒಣಗಿದ ಮೇಲೆ ರೇಡಿಯೋಗೆ ಕಾಗದ ಬರೆದಿದ್ದ.

"ನಿಮ್ಮ ತಾಯಿ ಒಂದು ಭಾನುವಾರ ನಮ್ಮ ಗೇಟಿನ ಹತ್ರ ನಿಂತು, ಆ ಉಪ್ಪು ಹಾಕಿಸಿದ್ದು ನಾನು ಅಂದ್ರು. ಬೇರೆಯವರ ಮೇಲಿನ ಹಗೆಗೆ ನಿಮ್ಮ ಗಿಡ ಸುಟ್ಟೆ ಅಂದ್ರು. ಒಳಗೆ ಬನ್ನಿ ಅನ್ನಲಿಲ್ಲ ನಾನು."

ಟೈಲರಮ್ಮನೇ ಒಳಗೆ ಬಂದು ಬಕೆಟ್ಟುಗಟ್ಟಲೆ ನೀರು ಹೊಯ್ದು ಮಣ್ಣಿನ ಉಪ್ಪು ತೊಳೆದಿದ್ದಳು. ಮೂರನೆಯ ತಿಂಗಳು ಬುಡದಲ್ಲೊಂದು ಚಿಗುರು ಕಾಣಿಸಿತು. ಆಮೇಲೂ ಬರುತ್ತಲೇ ಇದ್ದಳು. ತನಗೆ ತಿಳಿದದ್ದನ್ನೆಲ್ಲ, ಯಾವ ಉಪ್ಪು ಎಂಬುದನ್ನೂ ಸೇರಿಸಿ, ಅವನಿಗೆ ಕಲಿಸಿದ್ದಳು.

"ಕ್ಷಮಿಸಿದೀನಿ ಅಂತ ಕೊನೇವರೆಗೂ ಹೇಳಲಿಲ್ಲಮ್ಮ. ಮೊದಲು ಸಿಟ್ಟಿಗೆ ಹೇಳಲಿಲ್ಲ. ಆಮೇಲೆ, ಹೇಳಿಬಿಟ್ರೆ ಬರೋದು ನಿಲ್ಲಿಸ್ತಾರೇನೋ ಅಂತ."

ಗೇಟಿನ ಬಳಿ ಚಿಕ್ಕಮ್ಮನ ಮಾತು ಇನ್ನೂ ಕೇಳಿಸುತ್ತಿತ್ತು. ಮಗಳು ಅಂದು ಮೊದಲ ಸಲ ಕಣ್ಣೊರೆಸಿಕೊಂಡು, ನಿಮ್ಮ ಅಂಗಳದಲ್ಲಿ ಎಷ್ಟು ಕುಂಡ ಹಿಡಿಯುತ್ತದೆ ಎಂದು ಮುದುಕನನ್ನು ಕೇಳಿದಳು.

ಚಿಕ್ಕಮ್ಮ ಮನೆಗೆ ಬಂದು, ಕೈಕಾಲು ತೊಳೆದು, ಏನೋ ಒಂದಿಷ್ಟು ಉಂಡು ಮಹಡಿ ಹತ್ತುವಷ್ಟರಲ್ಲಿ ಕುಂಡಗಳನ್ನೂ ಮುದುಕನನ್ನೂ ಹೊತ್ತ ಸಾಮಾನಿನ ಗಾಡಿ ಬೀದಿಯ ತಿರುವು ದಾಟುತ್ತಿತ್ತು. ಗೋಡೆಯ ಕಡೆಯ ಎರಡು ಕುಂಡಗಳೂ ಅದರಲ್ಲಿದ್ದವು.

"ಅಷ್ಟೂ ಕೊಟ್ಯಾ?"

"ಅಷ್ಟೂ."

"ಯಾರಿಗೆ? ಯಾರು ಆ ಮನುಷ್ಯ?"

"ನಿಮ್ಮ ಕಾರ್ಯಕ್ರಮ ತಪ್ಪದೆ ಕೇಳ್ತಿದ್ದೋರು, ಚಿಕ್ಕಮ್ಮ," ಎಂದು ಮಗಳು ಕೆಳಗಿಳಿದುಹೋದಳು.

ಚಿಕ್ಕಮ್ಮ ಅಲ್ಲೇ ನಿಂತರು. ಕುಂಡಗಳಿದ್ದಲ್ಲೆಲ್ಲ ನೆಲದ ಮೇಲೆ ದುಂಡನೆಯ ಒದ್ದೆ ಗುರುತುಗಳಿದ್ದವು. ಬಿಸಿಲು ಬಾಗಿಲ ಕಡೆಯಿಂದ ಒಂದೊಂದನ್ನೇ ಒಣಗಿಸುತ್ತ, ಅವರ ಕಾಲಬುಡಕ್ಕೆ ಬರುತ್ತಿತ್ತು.