ಹಾಫೆನಿಯ ಸಿಂಹ

ವಿಂಡ್‌ಹುಕ್‌ನಿಂದ ಹೊರಡುವ ಇಪ್ಪತ್ತು ದಿನದ ಪ್ರವಾಸಕ್ಕೆ ಹದಿನಾಲ್ಕು ಜನ ಬರುವವರಿದ್ದರು. ಹದಿಮೂರು ಜನ ವಿದೇಶದವರು, ವಿಮಾನ ನಿಲ್ದಾಣದಿಂದ ಬಂದರು. ಹದಿನಾಲ್ಕನೆಯವರು ಅದೇ ಊರಿನ ಕತುತುರಾ ಬಡಾವಣೆಯ ತಂಗಿಯ ಮನೆಯಿಂದ ಟ್ಯಾಕ್ಸಿ ಹಿಡಿದು ಬಂದರು. ಅರವತ್ತೈದು ದಾಟಿದ ಹೆಂಗಸು, ಇಸ್ತ್ರಿ ಮಾಡಿದ ಕಂದು ಲಂಗ, ಕಾಲಿಗೆ ಹೊಸ ಬೂಟು, ಕೈಯಲ್ಲಿ ಒಂದು ಚೀಲ ಸಜ್ಜೆ ಹಿಟ್ಟು. ನಾನು ಪ್ರವಾಸಿಗರಿಗೆಂದು ಸೀಟು ಕೂರಿಸಿದ ನಮ್ಮ ಲಾರಿಯ ಹಿಂಬದಿಯಲ್ಲಿ ಅಡುಗೆ ಪಾತ್ರೆ ಜೋಡಿಸುತ್ತಿದ್ದೆ. ಕಂಪನಿಯವರು ಕೊನೆಗೂ ನನಗೊಬ್ಬಳು ಸಹಾಯಕಿಯನ್ನು ಕಳಿಸಿದರು ಎಂದುಕೊಂಡೆ.

"ಆ ಈರುಳ್ಳಿ ಮೂಟೆ ಸ್ವಲ್ಪ ಈ ಕಡೆ ಕೊಡಮ್ಮ," ಎಂದೆ.

ಅವರು ಎತ್ತಿ ಕೊಟ್ಟರು. ಆಮೇಲೆ ಚೀಟಿ ತೆಗೆದು ತೋರಿಸಿ, "ನಂದು ಏಳನೇ ಸೀಟು. ಕಿಟಕಿ ಪಕ್ಕ ಅಂತ ಕೇಳಿದ್ದೆ," ಎಂದರು.

ಅವರ ಹೆಸರು ಲೊವೀಸಾ ಶಿಲೊಂಗೊ. ಒಂಡಂಗ್ವಾ ಊರಿನ ಶಾಲೆಯಲ್ಲಿ ಮೂವತ್ತೆಂಟು ವರ್ಷ ಲೆಕ್ಕ ಕಲಿಸಿ ನಿವೃತ್ತರಾದವರು. ಏಟೋಶಾ ಅಭಯಾರಣ್ಯ ಅವರ ಮನೆಯಿಂದ ಎರಡು ಗಂಟೆಯ ದಾರಿ. ಒಮ್ಮೆಯೂ ಒಳಗೆ ಹೋಗಿರಲಿಲ್ಲ.

"ಮಕ್ಕಳಿಗೆ ಲೆಕ್ಕದಲ್ಲಿ ಎಷ್ಟು ಆನೆ ಕೂಡಿಸಿದೀನೋ, ಎಷ್ಟು ಕಳೆದಿದೀನೋ. ಒಂದನ್ನಾದ್ರೂ ನೋಡ್ಬೇಕು ಅನ್ನಿಸ್ತು," ಎಂದರು ನನ್ನ ಹತ್ತಿರ.

ಅಷ್ಟರಲ್ಲಿ ಹಾಫೆನಿ ಕಾಗದಪತ್ರ ಹಿಡಿದು ಆಫೀಸಿನಿಂದ ಬಂದ. ಲಾರಿ ಓಡಿಸುವವನೂ ಅವನೇ, ಪ್ರವಾಸಿಗರಿಗೆ ದಾರಿಯುದ್ದಕ್ಕೂ ವಿವರ ಹೇಳುವವನೂ ಅವನೇ. ಏಳು ವರ್ಷದಿಂದ ನಾವಿಬ್ಬರೂ ಒಂದೇ ಲಾರಿ. ಆಕೆಯನ್ನು ನೋಡಿದ್ದೇ ಅವನ ಎರಡೂ ಕೈ ತಾವಾಗಿ ಬೆನ್ನ ಹಿಂದಕ್ಕೆ ಹೋದವು.

"ಹಾಫೆನಿ ಅಮುಕೋಟೊ. ಹಿಂದಿನ ಬೆಂಚು," ಎಂದರು ಅವರು.

"ಹೌದು ಟೀಚರ್."

"ಏಳರ ಮಗ್ಗಿ ಬಂತಾ ಕೊನೆಗೆ?"

"ಬಂತು ಟೀಚರ್."

ಹಾಫೆನಿಗೆ ಆಗ ನಲವತ್ತಾರು ವರ್ಷ.

ನಮೀಬ್ ಮರುಭೂಮಿಯ ಅಭಯಾರಣ್ಯದ ಬಾಗಿಲಲ್ಲಿ ಕಾವಲಿನವನು ಟೀಚರನ್ನು ತಡೆದು, "ಕೆಲಸದವರು ಆ ಕಡೆ ಗೇಟಿಂದ," ಎಂದ. ಅವರು ಮತ್ತೆ ಚೀಟಿ ತೋರಿಸಿದರು. ಪ್ರತಿ ಬಿಡಾರದಲ್ಲೂ ಹೀಗೇ ಆಗುತ್ತಿತ್ತು. ಬೇಸರ ಮಾಡಿಕೊಂಡದ್ದು ನಾನು ನೋಡಲಿಲ್ಲ, ಆದರೆ ಮೂರನೇ ದಿನದಿಂದ ಆ ಚೀಟಿಯನ್ನು ಕೊರಳಿಗೆ ದಾರದಲ್ಲಿ ಕಟ್ಟಿಕೊಂಡು ಓಡಾಡಿದರು. ನಮ್ಮ ಪ್ರವಾಸದಲ್ಲಿ ಊಟವಾದ ಮೇಲೆ ಪ್ರವಾಸಿಗರೇ ಸರದಿಯಂತೆ ಪಾತ್ರೆ ತೊಳೆದು, ಗಾಳಿಯಲ್ಲಿ ಬೀಸಿ ಬೀಸಿ ಒಣಗಿಸಬೇಕು. ಟೀಚರ್ ಮಾತ್ರ ದಿನಾ ತೊಳೆಯಲು ನಿಲ್ಲುತ್ತಿದ್ದರು.

"ನಿಮ್ಮ ಸರದಿ ನಾಳಿದ್ದು," ಎಂದೆ.

"ಇವರು ತೊಳೆಯೋದನ್ನ ನೋಡ್ಕೊಂಡು ಸುಮ್ನೆ ಕೂರಕ್ಕಾಗಲ್ಲ ನಂಗೆ," ಎಂದರು. ನಿಜ ಹೇಳಬೇಕೆಂದರೆ ನನಗೂ ಆಗುತ್ತಿರಲಿಲ್ಲ.

ಮರಳುಗಾಡು ಮುಗಿಸಿ ಸಮುದ್ರದ ಕಡೆ ಇಳಿಯುವಾಗ ನಾನು ಮುಂದೆ, ಹಾಫೆನಿಯ ಪಕ್ಕದಲ್ಲಿ ಕೂತಿದ್ದೆ. ಒಂದು ತಿರುವು ದಾಟಿದ ಮೇಲೆ ಅವನೇ ಮಾತು ತೆಗೆದ.

"ಎಲ್ಫ್ರೀಡ, ನನ್ನ ಸಿಂಹದ ಕಥೆ ಏನ್ ಮಾಡ್ಲಿ?"

"ಏನಾಯ್ತು ಅದಕ್ಕೆ?"

"ಅದು ನಡೆದೇ ಇಲ್ಲ ಕಣೆ."

ಆ ಕಥೆ ನಮ್ಮ ಲಾರಿಯ ದೊಡ್ಡ ಆಸ್ತಿ. ಒಂಬತ್ತು ವರ್ಷದ ಹುಡುಗ ಹಾಫೆನಿ ಅಪ್ಪನ ದನ ಮೇಯಿಸುತ್ತಿದ್ದಾಗ ಸಿಂಹ ಬಂತು. ಅವನು ಅಲುಗಾಡದೆ ನಿಂತ. ಸಿಂಹ ಅವನ ಕೈಗೆ ಒಮ್ಮೆ ಪಂಜ ತಾಗಿಸಿ ಹಿಂದಿರುಗಿತು. ಕೊನೆಗೆ ಅವನು ತೋಳು ಮಡಚಿ ಗಾಯದ ಗುರುತು ತೋರಿಸುತ್ತಿದ್ದ. ಇಂಟರ್ನೆಟ್ಟಿನಲ್ಲಿ ಜನ ಅದರ ಬಗ್ಗೆ ಬರೆಯುತ್ತಿದ್ದರು, ಅದನ್ನು ಓದಿಯೇ ಬೇರೆಯವರು ನಮ್ಮ ಲಾರಿ ಕೇಳಿಕೊಂಡು ಬರುತ್ತಿದ್ದರು. ಏಳು ವರ್ಷದಲ್ಲಿ ನಾನು ಅದನ್ನು ನೂರು ಸಲವಾದರೂ ಕೇಳಿದ್ದೆ, ನೂರು ಸಲವೂ ನಂಬಿದ್ದೆ.

"ಮತ್ತೆ ಆ ಗಾಯ?"

"ಇಸ್ತ್ರಿಪೆಟ್ಟಿಗೆ. ಅಪ್ಪ ದರ್ಜಿ. ನಮ್ಮನೇಲಿ ಒಂದು ಮೇಕೆನೂ ಇರ್ಲಿಲ್ಲ. ಸುಟ್ಕೊಂಡಾಗ ಟೀಚರೇ ಬ್ಯಾಂಡೇಜ್ ಬದಲಾಯಿಸಿದ್ದು."

ಕಡಲತೀರದ ಸ್ವಾಕೊಪ್‌ಮುಂಡ್ ಊರು ತಲುಪುವವರೆಗೂ ನಾನು ಕಿಟಕಿಯ ಕಡೆಗೇ ತಿರುಗಿ ಕೂತೆ.

ಏಟೋಶಾದಲ್ಲಿ ನೀರಿನ ಹೊಂಡದ ಹತ್ತಿರ ಮಧ್ಯಾಹ್ನದ ಬ್ರೆಡ್ ಹಂಚುತ್ತಿದ್ದಾಗ ಪ್ರವಾಸಿಗರೇ ಆ ಕಥೆ ಕೇಳಿದರು. ಯೆಸ್ಪರ್ ಎಂಬ ಡೆನ್ಮಾರ್ಕಿನ ಹುಡುಗ, ಕೊರಳಲ್ಲಿ ಸದಾ ಕ್ಯಾಮೆರಾ, "ಸಿಂಹದ ಕಥೆ ಯಾವಾಗ?" ಎಂದ. ಗೊಡೆಲೀವ್ ಎಂಬ ಬೆಲ್ಜಿಯಮ್ಮಿನ ಮುದುಕಿ ಬರೆದುಕೊಳ್ಳಲು ಪುಸ್ತಕ ತೆಗೆದರು. ಹಾಫೆನಿ ಟೀಚರ ಕಡೆ ನೋಡಿದ. ಅವರು ದೂರದಲ್ಲಿ ನೀರು ಕುಡಿಯುತ್ತಿದ್ದ ಆನೆಗಳನ್ನು ಬೆರಳಲ್ಲಿ ಎಣಿಸುತ್ತಿದ್ದರು. ಅವನು ಹೇಳಿದ. ಸ್ವಲ್ಪ ಬೇಗ ಬೇಗ ಹೇಳಿದ, ಆದರೂ ಪೂರ್ತಿ ಹೇಳಿದ. "ಅಲುಗಾಡದೆ ನಿಂತವನನ್ನ ಯಾವ ಪ್ರಾಣಿನೂ ಕೊಲ್ಲಲ್ಲ," ಎಂಬ ಕೊನೆಯ ಮಾತನ್ನೂ ಬಿಡಲಿಲ್ಲ.

ಎಲ್ಲರೂ ಚಪ್ಪಾಳೆ ತಟ್ಟಿದರು. ಟೀಚರ್ ತಿರುಗಿ ಕೇಳಿದರು: "ದನ ಎಷ್ಟಿದ್ವು?"

"ಮೂವತ್ತು, ಟೀಚರ್."

"ಸರಿ."

ಅಷ್ಟೇ. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅಲ್ಲಿಂದ ಗಡಿ ದಾಟಿ ಬೋಟ್ಸ್ವಾನಾಕ್ಕೆ ಹೋಗುವ ತನಕ ಅವನು ದಾರಿಬದಿಯ ಹಕ್ಕಿಗಳ ಹೆಸರು ಬಿಟ್ಟು ಬೇರೇನೂ ಹೇಳಲಿಲ್ಲ.

ಒಕವಾಂಗೊದ ಜವುಗಿನಲ್ಲಿ ಲಾರಿ ಹೋಗುವುದಿಲ್ಲ. ಉದ್ದನೆಯ ದೋಣಿಗಳಲ್ಲಿ ಇಬ್ಬಿಬ್ಬರಾಗಿ ಕೂರಬೇಕು, ಆ ಊರಿನವರು ಗಳ ಹಾಕಿ ನೂಕಿಕೊಂಡು ಹೋಗುತ್ತಾರೆ. ನಮ್ಮ ದೋಣಿಗಳ ಮುಖ್ಯಸ್ಥೆ ಕೆಯಿತುಮೆತ್ಸೆ ಎಂಬ ಗಟ್ಟಿ ಹೆಂಗಸು. ಒಂದು ನಡುಗಡ್ಡೆಯಲ್ಲಿ ಗುಡಾರ ಹಾಕಿದೆವು. ಹಾಕುವ ಮೊದಲೇ ಅವಳು, "ಇದು ನೀರ್ಕುದುರೆ ದಾರಿ. ಬೆಳಗ್ಗೆ ಮೇಯ್ದು ಇದರಲ್ಲೇ ನೀರಿಗೆ ಇಳಿತಾವೆ. ಇದರ ಮೇಲೆ ಯಾರೂ ನಿಲ್ಬೇಡಿ," ಎಂದು ಹುಲ್ಲು ತುಳಿದ ಜಾಡನ್ನು ಎಲ್ಲರಿಗೂ ತೋರಿಸಿದಳು.

ಮರುದಿನ ಬೆಳಕು ಹರಿದ ಮೇಲೆ ನಾನು ಗಂಜಿ ಕದಡುತ್ತಿದ್ದೆ. ಟೀಚರ್ ಬಟ್ಟಲುಗಳನ್ನು ತೊಳೆದು ತರುತ್ತಿದ್ದರು. ಹಾಫೆನಿ ಮರದ ಕೆಳಗೆ ಹಲ್ಲುಜ್ಜುತ್ತಿದ್ದ. ಯೆಸ್ಪರ್ ಆ ಜಾಡಿನ ಮಧ್ಯೆ ಕ್ಯಾಮೆರಾ ಹಿಡಿದು ನಿಂತಿದ್ದ. ಅವನಿಂದ ಐವತ್ತು ಹೆಜ್ಜೆ ಆಚೆ ಪೊದೆಯಿಂದ ನೀರ್ಕುದುರೆಯೊಂದು ಹೊರಬಂದು ನಿಂತಿತು. ಅವನ ಬೆನ್ನಿಗೆ ನೀರು, ಎದುರಿಗೆ ಅದು.

"ಪಕ್ಕಕ್ಕೆ ಓಡು," ಎಂದು ಕೆಯಿತುಮೆತ್ಸೆ ಕೂಗಿದಳು. ಅವನು ಓಡಲಿಲ್ಲ. ಕ್ಯಾಮೆರಾ ಇಳಿಸಿ, ಕೈ ಎರಡೂ ಮೈಗೆ ಅಂಟಿಸಿ, ಗೂಟದ ಹಾಗೆ ನಿಂತ. ಅದು ಬಾಯಿ ತೆರೆಯಿತು. ನಾನು ಹಾಫೆನಿಯ ಕಡೆ ನೋಡಿದೆ. ಬ್ರಷ್ಷು ಬಾಯಲ್ಲಿ ಹಾಗೇ ಇತ್ತು. ಅವನೂ ಗೂಟವಾಗಿದ್ದ.

ಟೀಚರ್ ಬಟ್ಟಲುಗಳನ್ನು ಕೆಳಗಿಟ್ಟರು.

"ಯೆಸ್ಪರ್. ಎಡಗಡೆ ಹುತ್ತ ಇದೆ. ಅದನ್ನ ಹತ್ತು. ಈಗ."

ಅವರು ಕಿರುಚಲಿಲ್ಲ. ಆ ಧ್ವನಿ ಕೇಳಿ ನಾನೇ ಸೌಟು ಬಿಟ್ಟು ನೆಟ್ಟಗೆ ನಿಂತೆ. ಹುಡುಗ ಆಳೆತ್ತರದ ಹುತ್ತವನ್ನು ನಾಲ್ಕು ಕೈಕಾಲಲ್ಲಿ ಹತ್ತಿದ. ನೀರ್ಕುದುರೆ ಅವನು ನಿಂತಿದ್ದ ಜಾಗದ ಮೇಲೆ ಹಾಯ್ದು, ಒಂದು ಗುಡಾರದ ಹಗ್ಗ ಕಿತ್ತು, ನೀರಿಗೆ ಬಿತ್ತು.

ಇಳಿದ ಮೇಲೆ ಯೆಸ್ಪರ್ ಬಟ್ಟೆಯ ಮಣ್ಣು ಕೊಡವಿಕೊಂಡ. "ನಾನು ಅಲುಗಾಡಲೇ ಇಲ್ಲ. ಹಾಫೆನಿ ಹೇಳಿದ್ದ ಹಾಗೇ ಮಾಡ್ದೆ," ಎಂದ. ಹೊಗಳಿಕೆಗೆ ಕಾಯುವ ಮುಖ.

ಹಾಫೆನಿ ಬಾಯಿ ಮುಕ್ಕಳಿಸಿ ಬಂದ. ಎಲ್ಲರೂ ಗಂಜಿ ಹಿಡಿದು ಕೂತಿದ್ದರು. ಅವನು ಕೂರಲಿಲ್ಲ.

"ಸಿಂಹ ಬಂದಿರಲಿಲ್ಲ," ಎಂದ. "ದನಾನೂ ಇರ್ಲಿಲ್ಲ. ನಾನು ದರ್ಜಿ ಮಗ. ಇದು ಇಸ್ತ್ರಿಪೆಟ್ಟಿಗೆ ಸುಟ್ಟಿದ್ದು. ಪ್ರಾಣಿ ಬಗ್ಗೆ ಕೆಯಿತುಮೆತ್ಸೆ ಹೇಳಿದ್ದು ಕೇಳಿ, ನಾನು ಹೇಳಿದ್ದಲ್ಲ."

ಯೆಸ್ಪರ್ ನಕ್ಕುಬಿಟ್ಟ. ಅವನಿಗೆ ಬದುಕಿ ಉಳಿದದ್ದೇ ದೊಡ್ಡದಾಗಿತ್ತು. ಗೊಡೆಲೀವ್ ಮಾತ್ರ ಬಟ್ಟಲು ಪಕ್ಕಕ್ಕಿಟ್ಟರು. "ಮೊಮ್ಮಕ್ಕಳಿಗೆ ಪೂರ್ತಿ ಬರೆದು ಕಳಿಸಿದೀನಿ. ಈಗ ಏನಂತ ಹೇಳ್ಲಿ?"

"ದರ್ಜಿ ಮಗ ಅಂತ ಬರೀರಿ," ಎಂದರು ಟೀಚರ್. "ಹಾಫೆನಿ, ನಿಮ್ಮಪ್ಪ ಕತ್ತಲಲ್ಲಿ ಹೊಲಿಗೆ ಹಾಕ್ತಿದ್ದದ್ದು ಇವರಿಗೆ ಹೇಳೋ."

"ಅದನ್ನ ಯಾರು ಕೇಳ್ತಾರೆ ಟೀಚರ್."

"ನಾನು ಕೇಳ್ತೀನಿ."

ಅವನು ಅದನ್ನು ಹೇಳಿದ್ದು ಎರಡು ದಿನದ ಮೇಲೆ, ಚೋಬೆ ನದಿಯ ಕಡೆಗೆ ಹೋಗುವಾಗ, ಟೈರು ಬದಲಾಯಿಸಲು ನಿಂತಿದ್ದ ಮರದ ನೆರಳಲ್ಲಿ. ಅವನು ಹುಡುಗನಾಗಿದ್ದದ್ದು ದೇಶದ ಸ್ವಾತಂತ್ರ್ಯಕ್ಕಾಗಿ ನಡೆದ ಯುದ್ಧದ ಕಾಲ. ಉತ್ತರದ ಅವರ ಊರಿನಲ್ಲಿ ಹೊತ್ತು ಮುಳುಗಿದ ಮೇಲೆ ಹೊರಗೆ ಬರುವಂತಿಲ್ಲ. ಮನೆಯಲ್ಲಿ ದೀಪ ಕಂಡರೆ ಸೈನಿಕರು ಬಾಗಿಲು ಬಡಿಯುತ್ತಿದ್ದರು. ಶಾಲೆ ತೆರೆಯುವ ಮುಂಚೆ ಅಪ್ಪನಿಗೆ ಇಡೀ ಊರಿನ ಸಮವಸ್ತ್ರ ಹೊಲಿಯುವುದಿತ್ತು. ಅಪ್ಪ ಕತ್ತಲಲ್ಲಿ ಬೆರಳಿನಿಂದಲೇ ಬಟ್ಟೆಯ ಅಂಚು ನೋಡಿ ಹೊಲಿಯುತ್ತಿದ್ದ. ಹಾಫೆನಿಯ ಕೆಲಸ ಬಾಗಿಲಿಗೆ ಕಿವಿ ಇಟ್ಟು ಕೂರುವುದು. ಸೈನ್ಯದ ಗಾಡಿಯ ಸದ್ದು ಬಂದರೆ ಅಪ್ಪನ ಬೆನ್ನು ಮುಟ್ಟುವುದು. ಆಗ ಹೊಲಿಗೆ ಯಂತ್ರ ನಿಲ್ಲುತ್ತಿತ್ತು.

"ಹಾಗೆ ಹೊಲಿದ ಒಂದು ಚಡ್ಡಿ ನನ್ನ ಕ್ಲಾಸಿಗೆ ಬಂತು," ಎಂದರು ಟೀಚರ್. "ಜೇಬು ತಲೆಕೆಳಗು. ಆ ಹುಡುಗ ವರ್ಷವಿಡೀ ಬಳಪ ಬೀಳಿಸ್ಕೊಂಡ."

ಇಬ್ಬರು ನಿದ್ದೆ ಹೋಗಿದ್ದರು. ಉಳಿದವರು ಕೇಳಿದರು. ಗೊಡೆಲೀವ್ ಏನೂ ಬರೆದುಕೊಳ್ಳಲಿಲ್ಲ, ಆದರೆ ಅಪ್ಪ ಈಗಲೂ ಇದ್ದಾರೆಯೇ ಎಂದು ಕೇಳಿದರು. "ಇಲ್ಲ," ಎಂದ ಹಾಫೆನಿ. "ಯಂತ್ರ ಇದೆ."

ಆ ನದಿಯ ದಂಡೆಯ ಕಸಾನೆ ಊರಿನಲ್ಲಿ ಪ್ರವಾಸ ಮುಗಿಯಿತು. ಹದಿಮೂರು ಜನ ಅಭಿಪ್ರಾಯದ ಹಾಳೆ ತುಂಬಿ ಕೊಟ್ಟು ವಿಮಾನ ಹತ್ತಿದರು. ಒಬ್ಬರು, "ಪ್ರಾಣಿಗಳ ಕಥೆ ಕಡಿಮೆ, ಹೊಲಿಗೆ ಜಾಸ್ತಿ," ಎಂದು ಬರೆದಿದ್ದರು. ಹಾಫೆನಿ ಅದನ್ನು ಎರಡು ಸಲ ಓದಿ ಉಳಿದವುಗಳ ಜೊತೆ ಲಕೋಟೆಗೆ ಹಾಕಿದ.

ಖಾಲಿ ಲಾರಿ ವಿಂಡ್‌ಹುಕ್‌ಗೆ ಹಿಂದಿರುಗಬೇಕಿತ್ತು. ಟೀಚರ್ ನಮ್ಮ ಜೊತೆಗೇ ಮುಂದೆ ಕೂತರು. ಎರಡು ದಿನದ ದಾರಿಯಲ್ಲಿ ನಾನು ಅವರ ಸಜ್ಜೆ ಹಿಟ್ಟಿನಲ್ಲಿ ಮುದ್ದೆ ತಿರುವಿದೆ. ನೀರು ಜಾಸ್ತಿಯಾಯಿತೆಂದು ಎರಡು ದಿನವೂ ಹೇಳಿದರು.

"ಆವತ್ತು ನನ್ನ ಕಾಲು ಏಳಲೇ ಇಲ್ಲ ಟೀಚರ್," ಎಂದ ಹಾಫೆನಿ, ರುಂಡು ಪಟ್ಟಣ ದಾಟಿದ ಮೇಲೆ.

"ನೋಡ್ದೆ."

"ನೀವು ಹೆದರ್ಲಿಲ್ಲ."

"ಯಾರು ಹೇಳಿದ್ದು? ಬಟ್ಟಲು ಕೆಳಗಿಟ್ಟಿದ್ದೇ ಕೈ ನಡುಗ್ತಿತ್ತು ಅಂತ. ಕ್ಲಾಸಲ್ಲೂ ಹಾಗೇನೇ. ದಿನಾ ಹೆದರ್ಕೊಂಡೇ ಒಳಗೆ ಬರ್ತಿದ್ದೆ. ನಿನ್ನಂಥವರು ಅರವತ್ತು ಜನ ಇರ್ತಿದ್ರಲ್ಲ."

ಹಾಫೆನಿ ಗೇರ್ ಬದಲಾಯಿಸಿದ. ಅವನು ನಗುತ್ತಿದ್ದಾನೋ ಏನೋ ನನಗೆ ಕಾಣಲಿಲ್ಲ, ನಡುವೆ ಟೀಚರ್ ಕೂತಿದ್ದರು.

ಒಂಡಂಗ್ವಾ ಕಡೆಯ ದಾರಿ ಸೇರುವ ತ್ಸುಮೆಬ್‌ನಲ್ಲಿ ಅವರು ಇಳಿದರು. ಉತ್ತರಕ್ಕೆ ಹೋಗುವ ಟ್ಯಾಕ್ಸಿಯವರು ನಾಲ್ಕು ಜನ ಅವರ ಚೀಲಕ್ಕೆ ಕೈ ಹಾಕಿದರು. ಅವರು ಚೀಲ ಬಿಡದೆ, ನಾಲ್ಕೂ ಕಾರಿನ ಟೈರುಗಳನ್ನು ಬಗ್ಗಿ ನೋಡಿ, ಮೂರನೆಯದರಲ್ಲಿ ಹಿಂದಿನ ಸೀಟಿಗೆ ಹತ್ತಿ ಕೂತರು. ಹಾಫೆನಿ ಆ ಕಾರು ಹೊರಡುವ ತನಕ ಲಾರಿಯ ಪಕ್ಕದಲ್ಲಿ ನಿಂತಿದ್ದ. ಆಮೇಲೆ ನಾವು ಡೀಸೆಲ್ ಹಾಕಿಸಲು ಹೋದೆವು.