ಬ್ರಾಂದಿ ಬಾಟಲಿಯ ಗಾಳಿ

ಬಾಗಿಲು ದಾಟುತ್ತಿದ್ದ ಹಾಗೇ ಹುಳಿ ವಾಸನೆ ಮೂಗಿಗೆ ಬಡಿದು ವೆಂಕಟರತ್ನಮ್ಮ ಅಲ್ಲೇ ನಿಂತಳು. ಬೆಳಗಿನಿಂದ ಬಂಗಾರಪೇಟೆಯ ಅಕ್ಕಿ ಮಿಲ್ಲಿನಲ್ಲಿ ಮೊರ ಆಡಿಸಿ, ರೈಲಿನಲ್ಲಿ ನಿಂತೇ ಉರಿಗಾಮಿಗೆ ಬಂದಿದ್ದಳು. ಸೊಂಟ ತನ್ನದಲ್ಲ ಅನ್ನಿಸುತ್ತಿತ್ತು. ಆದರೂ ಆ ವಾಸನೆಯ ಗುರುತು ಹತ್ತದೆ ಇರುತ್ತದೆಯೇ? ಮದುವೆಯಾದಾಗಿನಿಂದ ಅದರ ಜೊತೆಗೇ ಸಂಸಾರ ಮಾಡಿದವಳು.

ಗಣಿಯ ಪಾಳಿ ಮುಗಿಸಿ ಬಂದ ಗಂಡ ಸೊಣ್ಣಪ್ಪ ಗೋಡೆಗೊರಗಿ ಕೂತಿದ್ದ. ಒಲೆಯ ಪಕ್ಕದಲ್ಲಿ ಅವನದೇ ಕಂಬಳಿ ಸುತ್ತಿದ ಗಂಟು. ಬಿಚ್ಚಿದರೆ ಬ್ರಾಂದಿ ಬಾಟಲಿ. ಒಳಗೆ ಬೆಳ್ಳನೆಯ ನೀರು ನೊರೆಯಾಡುತ್ತಿತ್ತು. ಕಂಬಳಿಗೂ ಒಂದಿಷ್ಟು ಚೆಲ್ಲಿತ್ತು. ಬಾಟಲಿಯ ಬಾಯಿಗೆ ಬಿಗಿದಿದ್ದ ಕೆಂಪು ಬಲೂನು ಗುಂಡಗೆ ಊದಿಕೊಂಡಿತ್ತು. ವಾಸನೆ ಹೊರಗೆ ಬರದಿರಲೆಂದು ಎಂಥ ಉಪಾಯ ಹೂಡಿದ್ದಾನೆ ಎಂದು ಅವಳ ಮೈ ಉರಿಯಿತು.

“ಮನೇಲೇ ಕಾಯಿಸಾಕೆ ಸುರು ಅಚ್ಕಂಡ್ಯಾ?”

“ನಂದಲ್ಲ ಕಣಮ್ಮಿ, ಮಗಳು ನರಸೀದು. ಇಸ್ಕೂಲಿಗೆ ಏನೋ ಗಾಳಿ ಮಾಡ್ತಾಳಂತೆ.”

“ಬ್ರಾಂದಿ ಬಾಟ್ಲಲ್ಲಿ ಗಾಳಿ ಮಾಡ್ತಾರಾ? ಕಳ್ಳನಿಗೊಂದು ಪಿಳ್ಳೆ ನೆವ. ಊದು!”

‘ಊದು’ ಎನ್ನುವುದು ಆ ಮನೆಯ ಹಳೆಯ ಮಾತು. ಅವನು ಕುಡಿಯುತ್ತಿದ್ದ ಕಾಲದಲ್ಲಿ ದಿನಾ ಸಂಜೆ ಬಾಗಿಲಲ್ಲೇ ಅವನ ಬಾಯಿ ಮೂಸಿ, ಆಮೇಲೆ ಮುದ್ದೆ ಬಡಿಸುತ್ತಿದ್ದಳು. ಹೋದ ವರ್ಷ ಮಾರಿಯಮ್ಮನ ಗುಡಿಯಲ್ಲಿ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ, ಇನ್ನು ಕುಡಿಯುವುದಿಲ್ಲವೆಂದು ಅವನು ಆಣೆ ಮಾಡಿದ ಮೇಲೆ ಆ ಮಾತು ನಿಂತಿತ್ತು. ಆಣೆ ತಪ್ಪಿದರೆ ಮಗಳನ್ನು ಕರೆದುಕೊಂಡು ಕಾಮಸಮುದ್ರದ ತವರಿಗೆ ಹೋಗುವುದೇ ಎಂದು ಅವಳೂ ಅಂದೇ ಹೇಳಿದ್ದಳು.

ಸೊಣ್ಣಪ್ಪ ಎದ್ದು ಬಂದು ಊದಿದ. ಮನೆಯೆಲ್ಲ ಅದೇ ವಾಸನೆ. ಉಸಿರಿನದ್ದು ಯಾವುದು, ಬಾಟಲಿಯದು ಯಾವುದು, ತಿಳಿಯಲಿಲ್ಲ. ಅವಳು ದೇವರ ಗೂಡಿನಿಂದ ದಪ್ಪ ಕರ್ಪೂರ ತಂದು ಬಟ್ಟಲಲ್ಲಿ ಹಚ್ಚಿ ಅವನ ಮುಂದಿಟ್ಟಳು.

“ಆರ್ಸು.”

ಅವನ ಕೈ ಉರಿಯವರೆಗೆ ಹೋಗಿ ನಿಂತಿತು. “ಒಂದೇ ಸತ್ಯಕ್ಕೆ ಎಷ್ಟ್ ಕಿತ ಕೈ ಸುಟ್ಕಳ್ಳೋದಮ್ಮಿ? ಸಾಕಾಯ್ತು ನಂಗೆ. ನಂಬಂಗಿದ್ರೆ ನಂಬು,” ಎಂದು ಕೆಮ್ಮುತ್ತ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ.

ಇನ್ನೇನು ಬೇಕು? ತಪ್ಪಿಲ್ಲದವನು ಮಾರಿಯಮ್ಮನಿಗೆ ಯಾಕೆ ಹೆದರಬೇಕು? ಅವಳಿಗೆ ಅಳುವುದಕ್ಕೂ ಸುಸ್ತಾಗಿತ್ತು. ಟ್ರಂಕು ಎಳೆದು ಮಗಳ ಲಂಗ ಮಡಚಿಡುತ್ತಿದ್ದಾಗ, ನಲ್ಲಿಯಿಂದ ಬಿಂದಿಗೆ ಹೊತ್ತು ಮಗಳು ನರಸಮ್ಮ ಒಳಗೆ ಬಂದಳು.

“ಅಯ್ಯೋ, ಕಂಬ್ಳಿ ಯಾಕ್ ಬಿಚ್ದೆ? ಬೆಚ್ಚಗಿರ್ಬೇಕು ಅಂತ ಅಪ್ಪನೇ ಸುತ್ತಿಕೊಟ್ಟಿದ್ದು. ಬರೀ ಸಕ್ರೆ ನೀರಮ್ಮ, ಜತೆಗೆ ಬನ್ನಿಗೆ ಆಕ್ತಾರಲ್ಲ, ಆ ಈಸ್ಟು. ವಾಸ್ನೆ ಅದ್ರದೇ. ಬಾಟ್ಲೂ ಬೇಕರಿ ಕದಿರಪ್ಪನೇ ಕೊಟ್ಟ. ನಾಳೆ ಕ್ಲಾಸಲ್ಲಿ ತೋರಿಸ್ಬೇಕು.”

ಬಟ್ಟಲಲ್ಲಿ ಕರ್ಪೂರ ಇನ್ನೂ ಉರಿಯುತ್ತಿತ್ತು. “ಇರು, ಈಗ್ಲೇ ನೋಡು” ಎಂದು ಹುಡುಗಿ ಬಲೂನಿನ ಕುತ್ತಿಗೆ ಹಿಂಡಿ ಬಿಡಿಸಿ, ಒಳಗಿನ ಗಾಳಿಯನ್ನು ಮೆಲ್ಲಗೆ ಖಾಲಿ ಚೊಂಬಿಗೆ ಬಿಟ್ಟಳು. ಆಮೇಲೆ ನೀರು ಹೊಯ್ಯುವ ಹಾಗೆ ಚೊಂಬನ್ನು ಬಟ್ಟಲಿನ ಮೇಲೆ ಬಗ್ಗಿಸಿದಳು. ಏನೂ ಬೀಳಲಿಲ್ಲ. ಕರ್ಪೂರದ ಉರಿ ಮಾತ್ರ ಬಾಗಿ ಆರಿಹೋಯಿತು.

“ನೋಡ್ದಾ? ಯಾರೂ ಊದ್ಲಿಲ್ಲ, ಕೈನೂ ಇಕ್ಲಿಲ್ಲ. ಇಂಗಾಲದ ಡೈಆಕ್ಸೈಡು. ನಾವ್ ಬಿಡೋ ಉಸ್ರಲ್ಲೂ ಇದೇ ಇರ್ತೈತಂತೆ.”

ವೆಂಕಟರತ್ನಮ್ಮ ಬಟ್ಟಲನ್ನೇ ನೋಡುತ್ತ ಕೂತಳು. ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ, ಇಷ್ಟು ದಿನ ಕಾವಲು ಕಾದ ಆಯಾಸ. ಲಂಗವನ್ನು ಟ್ರಂಕಿನಿಂದ ತೆಗೆದು ಮತ್ತೆ ಹಗ್ಗದ ಮೇಲೆ ಹಾಕಿದಳು. ಕಾಫಿ ಕಾಸಿ ಲೋಟ ಹಿಡಿದು ಹೊರಗೆ ಹೋದಳು.

ಮೆಟ್ಟಿಲ ಮೇಲೆ ಗಂಡನ ಪಕ್ಕ ಕೂತು, ಲೋಟ ಚಾಚಿ ಅವನ ಕಡೆ ಬಗ್ಗಿದಳು. ಸೊಣ್ಣಪ್ಪ ಲೋಟ ತೆಗೆದುಕೊಳ್ಳಲಿಲ್ಲ. ಅವಳು ಕೇಳದಿದ್ದರೂ ಮುಖ ತಿರುಗಿಸಿ, ಬಾಯಿ ತೆರೆದು ಊದಿದ.

“ಬ್ಯಾಡ,” ಎಂದು ಅವಳು ಅವನ ಬಾಯಿಗೆ ಅಂಗೈ ಅಡ್ಡ ಹಿಡಿದಳು. ಉಸಿರು ಬೆಚ್ಚಗೆ ತಾಗಿತು. ಇನ್ನೊಂದು ಕೈಯಲ್ಲಿ ಕಾಫಿ ಆರುತ್ತಿತ್ತು.